ಬೆಳ್ಳಿ ನಾಣ್ಯದ ಲಸ್ಟರ್, ಟೋನಿಂಗ್, ಪ್ರೂಫ್: ಕನ್ನಡದಲ್ಲಿ ಏನು?

ಹಳೆಯ ಸ್ಮಾರಕ ಬೆಳ್ಳಿ ನಾಣ್ಯವೊಂದರ ವಿವರ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ ಲಸ್ಟರ್‌ಗೆ ‘ಬೆಳಗು’, ಟೋನಿಂಗ್‌ಗೆ ‘ಕಿಲುಬು’, ಪ್ರೂಫ್‌ಗೆ ‘ಪುರಾವೆ ನಾಣ್ಯ’ ಎಂದು ಹಾಕಿದ್ದೇನೆ. ನಡೆಯುತ್ತದಾ?

> ಮೂರೂ ನಡೆಯಲ್ಲ. ಪಾತ್ರೆ ತಿಕ್ಕುವುದಕ್ಕೂ ಬೆಳಗುವುದು ಅಂತೀವಿ, ಅಲ್ವಾ? ‘ಬೆಳಗಿದ ನಾಣ್ಯ’ ಅಂದರೆ ಉಜ್ಜಿದ ನಾಣ್ಯ ಎಂದೇ ಓದುತ್ತಾರೆ. ನಾಣ್ಯದವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಬೆಳಕಿನ ಪಟ್ಟೆ ಚಕ್ರದ ಅರದಂತೆ ಸುತ್ತುತ್ತದೆ. ಅಚ್ಚು ಒತ್ತಿದಾಗ ಲೋಹ ಹರಿದು ಮೂಡಿದ ಸಣ್ಣ ಗೆರೆಗಳ ಕೆಲಸ ಅದು. ಉಜ್ಜಿದರೆ ಹೋಯಿತು, ಮತ್ತೆ ಬರಲ್ಲ. ‘ಮಿರುಗು’ ಹಾಕಿ.
> ಕಿಲುಬು ತಾಮ್ರ, ಹಿತ್ತಾಳೆಗೆ. ಬೆಳ್ಳಿಗೆ ಗಂಧಕ ತಾಗಿ ಮೇಲೆ ತೆಳು ಪದರ ಕಟ್ಟುತ್ತದೆ, ಮೊದಲು ಹೊಂಬಣ್ಣ, ಆಮೇಲೆ ನೀಲಿ, ಕೊನೆಗೆ ಕಪ್ಪು. ‘ಬಣ್ಣ ಏರಿದೆ’ ಸಾಕು.

> > ಪ್ರೂಫ್‌ಗೆ ‘ಒರೆ ನಾಣ್ಯ’. ಒರೆಗಲ್ಲು ನಮ್ಮದೇ ಮಾತು. ಪರೀಕ್ಷೆ, ಪುರಾವೆ ಯಾವುದೂ ಬೇಡ.

> ಒರೆಗೆ ಹಚ್ಚಿದರೆ ನಾಣ್ಯಕ್ಕೆ ಗೀರು ಬೀಳುತ್ತದೆ, ಸ್ವಾಮಿ. ಪ್ರೂಫ್ ಅಂದರೆ ಮೆರುಗು ಕೊಟ್ಟ ಅಚ್ಚಿನಿಂದ, ಮೆರುಗು ಕೊಟ್ಟ ಬಿಲ್ಲೆಯ ಮೇಲೆ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತಯಾರಿಸಿದ್ದು. ತಯಾರಿಕೆಯ ಬಗೆ, ದರ್ಜೆ ಅಲ್ಲ. ‘ಪ್ರೂಫ್’ ಎಂದೇ ಬಿಡಿ.

ಧನ್ಯವಾದ. ಚೀಟಿಯಲ್ಲಿ ಇನ್ನೊಂದು ಸಾಲಿದೆ: ‘ಚಲಾವಣೆಗೆ ಬಾರದ್ದು, ಕೆನ್ನೆಯ ಮೇಲೆ ಮಾತ್ರ ತುಸು ಸವೆತ.’ ಇದು ಸರಿ ತಾನೇ?

> ಪದ ಸರಿ, ಮಾತು ತಪ್ಪು. ಕೆನ್ನೆ, ಕಿವಿಯ ಮೇಲಿನ ಕೂದಲು ಇವೇ ನಾಣ್ಯದಲ್ಲಿ ಮೂಡಿಸಿದ ಮುಖದ ಎತ್ತರದ ಜಾಗ. ಸವೆತ ಶುರುವಾಗುವುದೇ ಅಲ್ಲಿ. ನಾಣ್ಯದ ಸ್ಥಿತಿಗೆ ಅಂಕ ಕೊಡುವ 70 ಅಂಕದ ಶೆಲ್ಡನ್ ಅಳತೆಯಲ್ಲಿ 60ರಿಂದ ಮೇಲಿನದು ‘ಚಲಾವಣೆಗೆ ಬಾರದ್ದು’, ಅದಕ್ಕೆ ಸವೆತ ಇರಕೂಡದು. ತುಸು ಸವೆದಿದ್ದರೆ 50ರಿಂದ 58. ಆದರೆ ನಾಣ್ಯಗಳು ಒಂದಕ್ಕೊಂದು ತಾಕಿ ಆದ ಗುರುತಾದರೆ ಅದು ಸವೆತ ಅಲ್ಲ, ‘ತಾಕಿದ ಗುರುತು’. ಭೂತಗನ್ನಡಿ ಹಿಡಿದು ನೋಡಿ. ಸವೆದ ಜಾಗ ಮಂಕಾಗಿರುತ್ತದೆ, ಗುರುತು ಚೂಪಾಗಿ ಕಾಣುತ್ತದೆ.

> > ಹೀಗೆ ಪ್ರೂಫ್‌ನಂಥದ್ದೆಲ್ಲಾ ಒಳಗೆ ಬಿಟ್ಟರೆ ಕನ್ನಡದಲ್ಲಿ ಏನು ಉಳಿಯುತ್ತದೆ? ಗ್ರೇಡ್‌ಗೆ ನೀವೇ ‘ದರ್ಜೆ’ ಅನ್ನಲಿಲ್ಲವೇ?

> ದರ್ಜೆ ಅರಬ್ಬಿಯದು. ನಾಣ್ಯ ಸಂಸ್ಕೃತದ ನಾಣಕ. ನಿಮ್ಮ ಲೆಕ್ಕದಲ್ಲಿ ಚೀಟಿಯ ಮೇಲೆ ‘ಬೆಳ್ಳಿ’ ಒಂದೇ ಉಳಿಯುವುದು.

ಕೆನ್ನೆಯ ಮೇಲಿನದು ಮಂಕಾಗಿಯೇ ಇದೆ. ‘ಚಲಾವಣೆಗೆ ಬಾರದ್ದು’ ತೆಗೆದೆ.