ಪಿಡಿ-ಎಲ್1 60% ಬಂದಿದೆ, ಜೀನ್ ಸ್ಕೋರ್ ಕೂಡ ಮಾಡಿಸಬೇಕಾ?

ಪ್ರಶ್ನೆ (ಸಕಲೇಶಪುರ ಕಡೆಯವರು):
ನಮ್ಮ ಮಾವನವರಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಸ್ಟೇಜ್. ಮೊದಲಿಂದ ಬೀಡಿ ಸೇದುತ್ತಿದ್ದರು. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಅನ್ನೋ ಬಗೆ, ಪಿಡಿ-ಎಲ್1 (ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನ್ ಅಂತೆ) 60% ಅಂತ ಬಂದಿದೆ. ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್ ಟೆಸ್ಟ್‌ಗಳ ರಿಪೋರ್ಟ್ ಬರಬೇಕು. ಅಷ್ಟರಲ್ಲಿ ಮೈದುನ ವಾಟ್ಸಾಪಿನಲ್ಲಿ ಯಾವುದೋ ಸಂಶೋಧನಾ ಪೇಪರ್ ಕಳಿಸಿ, ಇಮ್ಯೂನ್ ಜೀನ್ ಸ್ಕೋರ್ ಮಾಡಿಸಲೇಬೇಕು ಅಂತ ಕೂತಿದ್ದಾನೆ. ಕಾಫಿ ಕೊಯ್ಲು ಈಗಷ್ಟೇ ಶುರು, ಕೈಯಲ್ಲಿ ದುಡ್ಡಿಲ್ಲ. ಬೇಕಾ ಅದು?

ಉತ್ತರ (ಹಾಸನ, ಲ್ಯಾಬ್ ಟೆಕ್ನಿಷಿಯನ್):
ನಾನು ಡಾಕ್ಟರ್ ಅಲ್ಲ ಅಕ್ಕ, ಬಯಾಪ್ಸಿ ಬ್ಲಾಕ್ (ತುಂಡನ್ನು ಮೇಣದಲ್ಲಿ ಕೂರಿಸಿದ್ದು) ಕತ್ತರಿಸುವವನು. 60% ಅಂದ್ರೆ ಔಷಧಿ ಅಷ್ಟು ಕೆಲಸ ಮಾಡುತ್ತೆ ಅಂತಲ್ಲ. ನೂರು ಕ್ಯಾನ್ಸರ್ ಕಣಗಳಲ್ಲಿ ಅರವತ್ತರ ಅಂಚಿನಲ್ಲಿ ಆ ಪ್ರೋಟೀನ್ ಇದ್ದು ಬಣ್ಣ ಹಿಡಿದಿದೆ, ಅಷ್ಟೇ. 50% ದಾಟಿದವರಿಗೆ ಕೀಮೋ ಇಲ್ಲದೆ ಪೆಂಬ್ರೊಲಿಝುಮ್ಯಾಬ್ ಅನ್ನೋ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ) ಔಷಧಿ ಒಂದನ್ನೇ ಶುರು ಮಾಡಬಹುದು. ಅಮೆರಿಕದಲ್ಲಿ 2016ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಇಜಿಎಫ್‌ಆರ್, ಎಎಲ್‌ಕೆ ಜೀನ್‌ಗಳಲ್ಲಿ ಬದಲಾವಣೆ ಇಲ್ಲದವರಿಗೆ ಮಾತ್ರ.

ಇನ್ನು ಆ ಸ್ಕೋರ್, ಅಂದ್ರೆ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಕೆಲವು ಜೀನ್‌ಗಳನ್ನು ಅಳೆದು ಕೊಡುವ ಅಂಕ. ಇಂಥ ಪೇಪರ್‌ಗಳು ರಾಶಿ ಇವೆ. ಹೆಚ್ಚಿನವು ಟಿಸಿಜಿಎ ಅನ್ನೋ ಅಮೆರಿಕದ ಕ್ಯಾನ್ಸರ್ ಜೀನ್ ಡೇಟಾ ತೆಗೆದುಕೊಂಡು, ರೋಗಿಗಳನ್ನು ಹೈ ರಿಸ್ಕ್, ಲೋ ರಿಸ್ಕ್ ಅಂತ ಕಂಪ್ಯೂಟರಿನಲ್ಲೇ ಬೇರೆ ಮಾಡುತ್ತವೆ. ಒಂದು ಪೇಪರಿನ ಜೀನ್ ಪಟ್ಟಿ ಇನ್ನೊಂದು ಪೇಪರಿನದಕ್ಕೆ ತಾಳೆಯಾಗಲ್ಲ. ಅದನ್ನು ನೋಡಿ ಔಷಧಿ ಬದಲಿಸುವ ಪದ್ಧತಿ ಇಲ್ಲ. ಡಾಕ್ಟರೇ ಎನ್‌ಜಿಎಸ್ (ಹಲವು ಜೀನ್ ಒಟ್ಟಿಗೆ ನೋಡುವ ಟೆಸ್ಟ್) ಬರೆದಿದ್ದರೆ ಎಸ್‌ಟಿಕೆ11, ಕೀಪ್1 ಅನ್ನೋ ಜೀನ್‌ಗಳು ಏನಾಗಿವೆ ಅಂತ ಕೇಳಿ. ಅವು ಕೆಟ್ಟಿದ್ದರೆ ಇಮ್ಯುನೋಥೆರಪಿ ಅಷ್ಟಾಗಿ ಹತ್ತದೆ ಇರಬಹುದು.

ದುಡ್ಡಿಗಿಂತ ನನಗೆ ಬ್ಲಾಕಿನದೇ ಚಿಂತೆ. ಸೂಜಿಯಲ್ಲಿ ತೆಗೆದ ತುಂಡು ಶ್ಯಾವಿಗೆ ಎಳೆಯಷ್ಟು. ಒಂದೊಂದು ಟೆಸ್ಟಿಗೂ ಅದನ್ನೇ ಹೆರೆಯಬೇಕು. ಪಿಡಿ-ಎಲ್1 ಓದಲಿಕ್ಕೇ ಕನಿಷ್ಠ 100 ಕ್ಯಾನ್ಸರ್ ಕಣ ಬೇಕು. ಸುಮ್ನೆ ಖಾಲಿ ಮಾಡಿಕೊಂಡರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತೆ.

ಉತ್ತರ (ಚಿಕ್ಕಮಗಳೂರು):
ಇಜಿಎಫ್‌ಆರ್ ಬರುವವರೆಗೆ ಕಾಯಿರಿ. ನಮ್ಮ ಚಿಕ್ಕಮ್ಮ ಬೀಡಿ ಮುಟ್ಟಿದವರಲ್ಲ, ಪಿಡಿ-ಎಲ್1 ಜಾಸ್ತಿ ಇತ್ತು. ಆಮೇಲೆ ಇಜಿಎಫ್‌ಆರ್ ಪಾಸಿಟಿವ್ ಬಂತು, ಅದಕ್ಕೇ ಇರುವ ಒಸಿಮರ್ಟಿನಿಬ್ ಮಾತ್ರೆ ಕೊಟ್ಟರು. ಮೊದಲು ಇಮ್ಯುನೋಥೆರಪಿ ಕೊಟ್ಟು, ಅದರ ಬೆನ್ನಿಗೇ ಈ ಮಾತ್ರೆ ಕೊಟ್ಟರೆ ಶ್ವಾಸಕೋಶ ಊದಿಕೊಳ್ಳುವ ಅಪಾಯ ಜಾಸ್ತಿಯಂತೆ.

ಪ್ರಶ್ನೆ ಕೇಳಿದವರು:
ಸರಿ, ಮೈದುನನಿಗೆ ಇದನ್ನೇ ತೋರಿಸುತ್ತೇನೆ. ಇನ್ನೊಂದು, ದಮ್ಮಿಗೆ ಅಂತ ಊರಲ್ಲಿ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ತೊಂದರೆ ಇದೆಯಾ?

ಉತ್ತರ (ಹಾಸನ, ಲ್ಯಾಬ್ ಟೆಕ್ನಿಷಿಯನ್):
ಕ್ಯಾನ್ಸರ್ ಡಾಕ್ಟರಿಗೆ ಇವತ್ತೇ ಹೇಳಿ. ಡೋಸ್ ಜಾಸ್ತಿ ಇದ್ದರೆ ಇಮ್ಯುನೋಥೆರಪಿಯ ಫಲ ಕಡಿಮೆಯಾಗಬಹುದು. ನೀವೇ ನಿಲ್ಲಿಸಬೇಡಿ, ಮಾತ್ರೆ ಚೀಟಿ ತೋರಿಸಿ. ಬ್ಲಾಕ್ ವಾಪಸ್ ಕೊಟ್ಟರೆ ಬಿಸಿಲು ತಾಗದ ಕಡೆ ಇಡಿ, ಮೇಣ ಮೆತ್ತಗಾಗಬಹುದು.