ಅಪ್‌ಡೇಟ್: ಲೋಸಾರ್‌ಗೆ ಹೋಗಿ ಬಂದೆವು!

ಬೈಲುಕುಪ್ಪೆಯ ಟಿಬೆಟನ್ ಗೆಳತಿ ಅವರ ಹೊಸ ವರ್ಷದ ಹಬ್ಬ ಲೋಸಾರ್‌ಗೆ ಕರೆದಿದ್ದಾಳೆ, ಏನು ಒಯ್ಯಲಿ ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದ ಹಾಗೆ ಬಿಳಿ ಖತಾ (ಗೌರವಕ್ಕೆ ಕೊಡುವ ಶಾಲು) ಒಯ್ದೆವು, ಜೊತೆಗೆ ಕೊಡಗಿನ ಜೇನು. ಕುಶಾಲನಗರದಿಂದ ಕಾವೇರಿ ದಾಟಿದರೆ ಅವರ ಕ್ಯಾಂಪ್ ಹತ್ತಿರವೇ.

ನನಗೆ ಜಾಸ್ತಿ ಇಷ್ಟವಾಗಿದ್ದು ಗುತುಕ್. ಹಳೆ ವರ್ಷದ ಕೊನೆ ತಿಂಗಳ 29ನೇ ರಾತ್ರಿ ಕುಡಿಯುವ ಸೂಪ್ ಅದು. ಒಳಗಿನ ಹಿಟ್ಟಿನ ಉಂಡೆಯಲ್ಲಿ ಮೆಣಸಿನಕಾಯಿ ಸಿಕ್ಕರೆ ಮಾತುಗಾರ, ಉಣ್ಣೆ ಸಿಕ್ಕರೆ ಮೃದು ಮನಸ್ಸಿನವರು. ಅಜ್ಜಿಗೆ ಉಣ್ಣೆ ಸಿಕ್ಕಿತು. ಎಷ್ಟು ಸರಿ!

ಹಬ್ಬದ ದಿನ ಖಪ್ಸೆ ಅನ್ನೋ ಕರಿದ ತಿಂಡಿ, ಉಪ್ಪು ಹಾಕಿದ ಬೆಣ್ಣೆ ಚಹಾ. ಕ್ಯಾಂಪ್‌ಗೆ ಹೋಗಲು ಪರ್ಮಿಟ್ ಬೇಕಾ ಅಂತ ಕೇಳಿದವರಿಗೆ: ನಮ್ಮಂಥ ಭಾರತೀಯರಿಗೆ ಬೇಡ, ವಿದೇಶಿಯರು ಅಲ್ಲಿ ತಂಗಲು ಬೇಕು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಗೆಳತಿಯ ಮನೆಯವರನ್ನೆಲ್ಲ ಮನೆಗೆ ಕರೆದಿದ್ದೇವೆ. ಅಮ್ಮ ತಂಬಿಟ್ಟು ಮಾಡುತ್ತಾರೆ.