ಟರಾಂಟುಲಾಗೆಂದು ತಂದ ಕ್ರಿಕೆಟ್ ಹುಳುಗಳು ಡಬ್ಬಿಯಲ್ಲೇ ಸಾಯುತ್ತಿವೆ, ಜೇಡವೂ ತಿನ್ನುತ್ತಿಲ್ಲ

ಪ್ರಶ್ನೆ

ನಾನು ಸಾಕಿರುವ ಚಿಲಿಯನ್ ರೋಸ್ ಟರಾಂಟುಲಾದ ಆಹಾರಕ್ಕೆಂದು ಐವತ್ತು ಕ್ರಿಕೆಟ್ ಹುಳುಗಳನ್ನು ತಂದು, ಮುಚ್ಚಳಕ್ಕೆ ನಾಲ್ಕಾರು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಹತ್ತಿಯೊಂದಿಗೆ ಇಟ್ಟಿದ್ದೆ. ಐದನೆಯ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕಾದಷ್ಟು ವಾಸನೆ. ಒಂದನ್ನು ಬೆರಳಿನಿಂದ ಹಿಡಿಯಲು ಹೋದಾಗ ಅದರ ಹಿಂಗಾಲು ನನ್ನ ಕೈಯಲ್ಲಿ ಉಳಿಯಿತು, ಹುಳು ಮಾತ್ರ ಮಂಚದ ಕೆಳಗೆ ಸೇರಿತು. ಹೇಗೋ ಎರಡನ್ನು ಗೂಡಿನೊಳಗೆ ಬಿಟ್ಟು ಮೂರು ದಿನವಾದರೂ ಜೇಡ ಅವುಗಳತ್ತ ತಿರುಗಿಲ್ಲ. ಹಸಿದಾಗ ತಿನ್ನಲಿ ಎಂದು ಅಲ್ಲೇ ಬಿಡಬಹುದೇ?

ಉತ್ತರ 1

ಬಿಡಬೇಡಿ, ಇಂದೇ ಹೊರತೆಗೆಯಿರಿ. ಪೊರೆ ಕಳಚುವ ಕಾಲ ಹತ್ತಿರವಾದಾಗ ಟರಾಂಟುಲಾ ಆಹಾರವನ್ನು ನಿರಾಕರಿಸುತ್ತದೆ. ಆಮೇಲೆ ಅದು ಬೆನ್ನಡಿಯಾಗಿ ಮಲಗಿ ಗಂಟೆಗಟ್ಟಲೆ ಕಾಲ ಹಳೆಯ ಪೊರೆಯಿಂದ ಬಿಡಿಸಿಕೊಳ್ಳುವಾಗ ಮೈ ಎಷ್ಟು ಮೆತ್ತಗಿರುತ್ತದೆಂದರೆ, ಹಸಿದ ಕ್ರಿಕೆಟ್ ಹುಳುವೊಂದು ಅದನ್ನು ಕಚ್ಚಿ ಗಾಯ ಮಾಡಬಲ್ಲದು, ಕೊಲ್ಲಲೂಬಹುದು. ಬೇಟೆಗೆಂದು ಬಿಟ್ಟದ್ದೇ ಬೇಟೆಗಾರನಾಗುವ ಸಂದರ್ಭ ಇದು. ಹೊಟ್ಟೆಯ ಮೇಲೆ ರೋಮ ಉದುರಿದ ಬೋಳು ಜಾಗವಿದ್ದರೆ ಗಮನಿಸಿ: ಅದು ಕಪ್ಪಾಗಿ ಹೊಳೆಯುತ್ತಿದ್ದರೆ ಪೊರೆ ಕಳಚುವ ದಿನ ದೂರವಿಲ್ಲ. ಕಳಚಿದ ಮೇಲೂ ಆತುರ ಬೇಡ. ಮೊದಲು ಬೆಳ್ಳಗಿರುವ ಕೋರೆಗಳು ಕೆಂಪಾಗಿ, ಕೊನೆಗೆ ಕಪ್ಪಾದ ನಂತರವೇ ಆಹಾರ ಕೊಡಬೇಕು. ಬೆಳೆದ ಜೇಡಕ್ಕೆ ಇದಕ್ಕೆ ಸುಮಾರು ಎರಡು ವಾರ ಹಿಡಿಯಬಹುದು. ಪೊರೆಯ ಕಾರಣವಿಲ್ಲದೆಯೂ ಚಿಲಿಯನ್ ರೋಸ್ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ಹೊಟ್ಟೆ ಬತ್ತದೆ ದುಂಡಗಿದ್ದರೆ ಮತ್ತು ನೀರಿನ ಬಟ್ಟಲು ತುಂಬಿದ್ದರೆ ಗಾಬರಿಪಡಬೇಕಾಗಿಲ್ಲ.

ಉತ್ತರ 2

ಡಬ್ಬಿಯ ವಿಷಯಕ್ಕೆ ಬಂದರೆ, ಹುಳುಗಳನ್ನು ಕೊಂದದ್ದು ಆ ಒದ್ದೆ ಹತ್ತಿ ಮತ್ತು ಗಾಳಿಯಾಡದ ಮುಚ್ಚಳ ಎಂಬುದು ನನ್ನ ಊಹೆ. ತೇವಕ್ಕೆ ಹಿಕ್ಕೆ ಕೊಳೆತು ಅಮೋನಿಯಾ ಹುಟ್ಟುತ್ತದೆ, ಸತ್ತವು ಉಳಿದವನ್ನೂ ಕೆಡಿಸುತ್ತವೆ. ಮುಚ್ಚಳದ ದೊಡ್ಡ ಭಾಗವನ್ನು ಕತ್ತರಿಸಿ ಲೋಹದ ಜಾಲರಿ ಅಂಟಿಸಿ. ಪ್ಲಾಸ್ಟಿಕ್ ಜಾಲರಿಯನ್ನು ಅವು ಕಡಿದುಹಾಕುತ್ತವೆ. ತಳಕ್ಕೆ ಏನನ್ನೂ ಹಾಸದೆ, ಮೊಟ್ಟೆಯ ಟ್ರೇಯ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ. ನೀರಿಗೆ ಬದಲಾಗಿ ಒಂದು ಕ್ಯಾರೆಟ್ ಹೋಳು ಇಟ್ಟು, ಅದು ಬಾಡುವ ಮುನ್ನ ಬದಲಿಸಿದರೆ ಸಾಕು. ಆ ಕ್ಯಾರೆಟ್ಟಿನ ಸತ್ವವೂ ಕೊನೆಗೆ ಜೇಡದ ಹೊಟ್ಟೆಗೇ ಹೋಗುತ್ತದೆ.

ಹುಳುವನ್ನು ಬೆರಳಿನಿಂದ ಹಿಡಿಯಲೇಬೇಡಿ, ಅಪಾಯ ಕಂಡರೆ ಅದು ಹಿಂಗಾಲನ್ನು ತಾನೇ ಕಳಚಿ ಓಡುತ್ತದೆ. ಟ್ರೇಯ ಬಳಿ ಒಂದು ರಟ್ಟಿನ ಕೊಳವೆ ಇಡಿ. ಕತ್ತಲೆಂದು ಹುಳುಗಳು ಅದರೊಳಗೆ ನುಗ್ಗುತ್ತವೆ. ಎರಡೂ ಬಾಯಿ ಮುಚ್ಚಿ ಎತ್ತಿ, ಗೂಡಿನ ಮೇಲೆ ಮೆಲ್ಲಗೆ ತಟ್ಟಿದರೆ ಬೇಕಾದಷ್ಟೇ ಕೆಳಗಿಳಿಯುತ್ತವೆ. ಒಳಗೆ ಬಿಟ್ಟದ್ದನ್ನು ಹೊರತೆಗೆಯಲು ಉದ್ದನೆಯ ಚಿಮುಟವೇ ಸರಿ, ಏಕೆಂದರೆ ಕೈ ಹತ್ತಿರ ಬಂದರೆ ಈ ಜೇಡ ಹೊಟ್ಟೆಯ ಮೇಲಿನ ತುರಿಕೆಯ ರೋಮಗಳನ್ನು ಕೆರೆದು ಉದುರಿಸುತ್ತದೆ. ಅವು ಕಣ್ಣಿಗೆ ಬಿದ್ದರೆ ತಮಾಷೆಯಲ್ಲ.

ಉತ್ತರ 3

ನಾನಂತೂ ಕ್ರಿಕೆಟ್ ಹುಳುಗಳ ಸಹವಾಸವನ್ನೇ ಬಿಟ್ಟು ಡುಬಿಯಾ ಜಿರಳೆಗೆ ಬಂದೆ. ಅದು ನುಣುಪಾದ ಗೋಡೆ ಹತ್ತಲಾರದು, ಚಿಲಿಪಿಲಿ ಸದ್ದಿಲ್ಲ, ವಾಸನೆಯೂ ಕಡಿಮೆ. ಆದರೆ ಗೂಡಿಗೆ ಬಿಟ್ಟ ಕೂಡಲೇ ಮಣ್ಣಿನೊಳಗೆ ಹೂತುಕೊಳ್ಳುತ್ತದೆ. ಆದ್ದರಿಂದ ಚಿಮುಟದಲ್ಲಿ ಹಿಡಿದು ಜೇಡದ ಮುಂದೆಯೇ ಒಡ್ಡಬೇಕು. ಯಾವ ಹುಳುವಾದರೂ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ತೋಟದಲ್ಲಿ ಹಿಡಿದ ಹುಳು ಬೇಡ, ಅದರ ಮೈಮೇಲೆ ಯಾವ ಕೀಟನಾಶಕ ಬಿದ್ದಿದೆಯೋ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಬೋಳು ಜಾಗ ನಿಜವಾಗಿಯೂ ಕಪ್ಪಾಗಿದೆ. ಒಂದು ಹುಳುವನ್ನು ಚಿಮುಟದಿಂದ ತೆಗೆದೆ, ಇನ್ನೊಂದು ನೀರಿನ ಬಟ್ಟಲಲ್ಲಿ ಮುಳುಗಿ ಸತ್ತಿತ್ತು. ಬಟ್ಟಲನ್ನು ತೊಳೆದು ಹೊಸ ನೀರು ಹಾಕಿದ್ದೇನೆ. ಮಂಚದ ಕೆಳಗಿನದು ರಾತ್ರಿಯಿಡೀ ಹಾಡುತ್ತಿದೆ.